ಮಾರಿಹಬ್ಬ ಮಂಗಳವಾರವೋ, ಭಾನುವಾರವೋ?

ಬಯಲುಸೀಮೆಯವ:
ತುಮಕೂರು ಕಡೆಯ ಸಣ್ಣ ಊರು ನಮ್ಮದು. ಇನ್ನೂರು ಮನೆ. ಅದರಲ್ಲಿ ಅರವತ್ತಕ್ಕೆ ಬೀಗ, ಎಲ್ಲರೂ ಬೆಂಗಳೂರು ಸೇರಿದ್ದೇವೆ. ಐದು ವರ್ಷಕ್ಕೊಮ್ಮೆ ಮಾರಮ್ಮನ ಹಬ್ಬ. 2021ರಲ್ಲಿ ಆಗಬೇಕಿತ್ತು, ಕೊರೊನಾ ಬಂತು. 2023ರಲ್ಲಿ ಮಾಡೋಣ ಅಂದರೆ ಬರ. ಈಗಲಾದರೂ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಜಗಳ ಇರುವುದು ದಿನದ ಮೇಲೆ. ಹಿಂದಿನಿಂದ ಬಂದದ್ದು ಸೋಮವಾರ ರಾತ್ರಿ ಆರತಿ, ಮಂಗಳವಾರ ಮಡೆ (ಅಮ್ಮನಿಗೆ ಅನ್ನದ ಎಡೆ) ಮತ್ತು ಮರಿ, ಬುಧವಾರ ನೆಂಟರ ಊಟ. ಇದನ್ನು ಶನಿವಾರ, ಭಾನುವಾರಕ್ಕೆ ತನ್ನಿ ಅಂತ ಬೆಂಗಳೂರಿನವರು ಕೇಳಿದೆವು. ವಾರದ ಮಧ್ಯೆ ಮೂರು ದಿನ ರಜೆ ಯಾರು ಕೊಡುತ್ತಾರೆ? ಖರ್ಚಿನಲ್ಲಿ ಮುಕ್ಕಾಲು ಪಾಲು ನಮ್ಮದೇ. ಹಿರಿಯರು ಒಂದೇ ಮಾತು ಹೇಳಿದರು: "ಅಮ್ಮನ ವಾರ ಬದಲಾಯಿಸೋಕೆ ನೀವ್ಯಾರು?" ನಿಮ್ಮ ಊರುಗಳಲ್ಲಿ ಯಾರಾದರೂ ಹೀಗೆ ವಾರ ಬದಲಾಯಿಸಿದ್ದೀರಾ?

ಹಳೇ ಮೇಷ್ಟ್ರು:
ಮುಕ್ಕಾಲು ಪಾಲು ದುಡ್ಡು ನಮ್ಮದು ಅಂತ ಊರಿನ ಸಭೆಯಲ್ಲೂ ಹೇಳಿದಿರಾ? ಹೇಳಿದ್ದರೆ ಕೆಲಸ ಅಲ್ಲಿಗೇ ಕೆಟ್ಟಿತು. ನೋಡಿ ತಮ್ಮಾ, ಸೋಮವಾರ ಬಸವನ ವಾರ, ಆವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮಂಗಳವಾರ, ಶುಕ್ರವಾರ ಅಮ್ಮನವು. ಭಾನುವಾರದ ರಜೆ ಶಾಲೆಯದು, ಆಫೀಸಿನದು. ದನಕ್ಕೆ ಮೇವು ಹಾಕುವವನಿಗೆ ಭಾನುವಾರ ಅಂದರೆ ಏನು? ಇನ್ನೊಂದು ವಿಷಯ. ಹಬ್ಬ ಶುರುವಾಗುವುದು ಆರತಿಯ ದಿನವಲ್ಲ, ಸಾರು ಹಾಕಿದ ದಿನ, ಅಂದರೆ ಹಬ್ಬ ಇದೆ ಅಂತ ಊರಿಗೆಲ್ಲಾ ಸಾರಿದ ದಿನ. ಸಾರು ಹಾಕಿದ ಮೇಲೆ ನಮ್ಮೂರಲ್ಲಿ ಯಾರ ಮನೆಯಲ್ಲೂ ಒಗ್ಗರಣೆ ಚಟಪಟ ಅನ್ನಬಾರದು. ಊರವರು ಹೊರಗೆ ರಾತ್ರಿ ತಂಗಬಾರದು. ಒಂದು ವಾರ ಬಾಯಿ ಸಪ್ಪೆ ಮಾಡಿಕೊಂಡು ಕೂತವರಿಗೆ ಹಬ್ಬ. ಶನಿವಾರ ಸಂಜೆ ಬಂದು ಭಾನುವಾರ ಹೊರಡುವವರು ನೆಂಟರ ಲೆಕ್ಕ.

ಬಯಲುಸೀಮೆಯವ:
ಹೇಳಿದೆವು ಮೇಷ್ಟ್ರೇ. ಹೇಳಬಾರದಿತ್ತು ಅಂತ ಆಮೇಲೆ ಗೊತ್ತಾಯಿತು.

ಮಲಪ್ರಭೆ ದಂಡೆ:
ಭಾನುವಾರ ದೇವರಿಗೆ ಆಗಿಬರೋದಿಲ್ಲ ಅಂತೇನೂ ಇಲ್ಲ. ಮೈಲಾರಲಿಂಗನ ವಾರವೇ ಭಾನುವಾರ. ಯಾವ ದೇವರಿಗೆ ಯಾವ ವಾರ ಅನ್ನೋದು ಮುಖ್ಯ. ನಮ್ಮ ಕಡೆ ದ್ಯಾಮವ್ವ, ದುರ್ಗವ್ವನ ಜಾತ್ರೆ ಐದು, ಒಂಬತ್ತು, ಹನ್ನೆರಡು ವರ್ಷಕ್ಕೊಮ್ಮೆ, ಒಂದೊಂದು ಊರಿಗೆ ಒಂದೊಂದು ಲೆಕ್ಕ. ಮನೆಮನೆಗೆ ಪಟ್ಟಿ ಹಾಕ್ತಾರೆ. ಕಟ್ಟಿಗೆಯ ಮೂರ್ತಿಗೆ ಹೊಸದಾಗಿ ಬಣ್ಣ ಮಾಡಿಸ್ತಾರೆ. ಹೊನ್ನಾಟದ ದಿನ, ಅಂದರೆ ದೇವಿಯನ್ನು ಹೊತ್ತು ಊರಲ್ಲಿ ಆಡಿಸೋ ದಿನ, ಭಂಡಾರ ಎರಚಿ ಇಡೀ ಊರು ಹಳದಿ, ಯಾರ ಮುಖ ಯಾರದು ಅಂತ ಗುರುತು ಸಿಗೋದಿಲ್ಲ. ಉಡಿ ತುಂಬೋಕೆ ಸಾಲು ನಿಂತರೆ ಅರ್ಧ ದಿನ ಬೇಕು. ಎಂಟು ಒಂಬತ್ತು ದಿನದ ಜಾತ್ರೆ. ಅದನ್ನು ಶನಿವಾರ, ಭಾನುವಾರದಲ್ಲಿ ತುರುಕೋದು ಹೇಗೆ ಹೇಳಿ? ಪುಣೆ, ಗೋವಾದಿಂದ ರಜೆ ಹಾಕಿ ಬರ್ತಾರೆ. ಸಿಗದವರು ಹೊನ್ನಾಟದ ದಿನಕ್ಕಾದರೂ ಬಂದು ಹೋಗ್ತಾರೆ.

ಗಟ್ಟದ ಮೇಲಿನವ:
ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ದಿನ ಯಾವುದು ಅಂತ ಪ್ರತಿ ಸಲ ಸಭೆ ಸೇರಿಯೇ ಗೊತ್ತು ಮಾಡೋದು. ತಾರೀಖು ಬದಲಾಗುತ್ತೆ, ವಾರ ಬದಲಾಗೋದಿಲ್ಲ. ಮಂಗಳವಾರ ರಾತ್ರಿ ಕಲ್ಯಾಣ, ಬುಧವಾರ ಅಮ್ಮ ರಥ ಏರಿ ಜಾತ್ರೆ ನಡೆಯೋ ಬಿಡಕಿಬೈಲಿಗೆ. ಮುಂದಿನ ಬುಧವಾರಕ್ಕೆ ಜಾತ್ರೆ ಮುಗಿಯುತ್ತೆ. ಲಕ್ಷಗಟ್ಟಲೆ ಜನ ಬರ್ತಾರೆ, ವಾರದ ಮಧ್ಯೆ ಅಂತ ಯಾರೂ ಬಿಟ್ಟಿಲ್ಲ.

ಹಾಗಂತ ಅಲ್ಲಿ ಏನೂ ಬದಲಾಗಿಲ್ಲ ಅಂತಲ್ಲ. ಹಿಂದೆ ಕೋಣ ಕಡೀತಿದ್ದರು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ಅದು ನಿಂತಿತು. ದೇವಿಯ ಹೆಸರಲ್ಲಿ ಬಿಟ್ಟ ಪಟ್ಟದ ಕೋಣ ಈಗಲೂ ಇದೆ, ಕಡಿಯೋದಿಲ್ಲ. ವಾರಕ್ಕಿಂತ ಬಲಿ ದೊಡ್ಡದಲ್ವಾ? ಅದನ್ನೇ ಬಿಟ್ಟ ಮೇಲೂ ಅಮ್ಮ ಏನೂ ಅನ್ನಲಿಲ್ಲ.

ಕಾಯ್ದೆ ಪುಸ್ತಕ:
ಬಲಿಯ ಮಾತು ಬಂತು, ಅದಕ್ಕೇ ಹೇಳ್ತೀನಿ. ಮೂಲ ಪ್ರಶ್ನೆಯಲ್ಲಿ 'ಮಂಗಳವಾರ ಮರಿ' ಅಂತ ಆರಾಮಾಗಿ ಬರೆದಿದ್ದೀರಿ. ನಮ್ಮ ರಾಜ್ಯದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ 1959ರಿಂದಲೇ ಇದೆ. ಗುಡಿಯಲ್ಲೂ ಅದರ ಆವರಣದಲ್ಲೂ ಕಡಿಯುವಂತಿಲ್ಲ. ಕೋಳಿಯೂ ಸೇರಿತು.

ಬಯಲುಸೀಮೆಯವ:
ಗುಡಿ ಮುಂದೆ ಕಡಿಯೋದು ನಿಂತು ಬಹಳ ವರ್ಷ ಆಯಿತು ಸರ್. ಮರಿಗೆ ಗುಡಿ ಮುಂದೆ ತೀರ್ಥ ಹಾಕಿಸ್ತಾರೆ, ಅದು ಮೈ ಕೊಡವಿದರೆ ಮನೆಗೆ ಹೊಡಕೊಂಡು ಹೋಗ್ತಾರೆ. ಆಮೇಲಿನದು ಹಿತ್ತಿಲ ಕಥೆ. ಅದನ್ನು ಇನ್ನೊಂದು ದಿನ ಮಾತಾಡೋಣ, ಈಗ ವಾರದ ವಿಷಯಕ್ಕೆ ಬನ್ನಿ.

ತವರಿಗೆ ಹೊರಟವಳು:
ಹಿತ್ತಿಲ ಕಥೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ. ಆ ಕಥೆಯಲ್ಲಿ ಇರೋದು ನಾವು. ತಂಬಿಟ್ಟಿನ ಆರತಿಗೆ ಅಕ್ಕಿ ನೆನೆಹಾಕಿ, ಆರಿಸಿ, ಕುಟ್ಟಿ, ಬೆಲ್ಲ ಕಲಸಿ, ಉಪವಾಸ ಇದ್ದುಕೊಂಡು ಆರತಿ ಕಟ್ಟೋದು. ಹೊತ್ತುಕೊಂಡು ಗುಡಿ ಸುತ್ತಿ ಬರುವ ಹೊತ್ತಿಗೆ ನಡುರಾತ್ರಿ. ಬೆಳಿಗ್ಗೆ ಎದ್ದು ಮಡೆ. ಮಧ್ಯಾಹ್ನ ಗಂಡಸರು ಒಂದು ಮಂಕರಿ ಬಾಡು ತಂದು ಸುರಿದು ಎಲೆ ಅಡಿಕೆ ಹಾಕಿಕೊಂಡು ಕೂರ್ತಾರೆ. ನೂರು ಜನರ ಮಸಾಲೆ ನಮ್ಮದು. ಈ ಚರ್ಚೆಯಲ್ಲಿ ಇಷ್ಟು ಜನ ಬರೆದಿದ್ದೀರಿ, ಮನೆ ಹೆಂಗಸರನ್ನು ಯಾವ ದಿನ ಆಗುತ್ತೆ ಅಂತ ಕೇಳಿದವರು ಯಾರಿದ್ದೀರಿ?

ನಾನು ಮಂಗಳವಾರದ ಪರ. ಕಾರಣ ದೇವರಲ್ಲ. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಲ್ಲಿ ಮೂರು ದಿನ ಇರೋಕೆ ಮಾರಿಹಬ್ಬವೇ ನೆಪ. 'ಸೋಮವಾರ ಆರತಿ, ಬುಧವಾರ ಊಟ, ಗುರುವಾರ ಬರ್ತೀನಿ' ಅಂದರೆ ಅತ್ತೆ ಮನೆಯವರು ಬಾಯಿ ಮುಚ್ಚಿಕೊಂಡು ಕಳಿಸ್ತಾರೆ, ಅಮ್ಮನ ಹಬ್ಬಕ್ಕೆ ಬೇಡ ಅನ್ನೋಕೆ ಭಯ. ಭಾನುವಾರ ಮಾಡಿ ನೋಡಿ. ಮಕ್ಕಳಿಗೆ ಸೋಮವಾರ ಸ್ಕೂಲು ಅಂತ ಊಟದ ಎಲೆ ಎತ್ತೋಕೂ ಮೊದಲೇ ಕಾರು ಹತ್ತಿಸ್ತಾರೆ.

ಹಳೇ ಮೇಷ್ಟ್ರು:
ತಾಯಿ, ಇದು ನನಗೆ ಹೊಳೆದಿರಲಿಲ್ಲ. ಅರವತ್ತು ವರ್ಷದಿಂದ ಹಬ್ಬ ನೋಡುತ್ತಿದ್ದೇನೆ.

ತವರಿಗೆ ಹೊರಟವಳು:
ನೋಡ್ತಿದ್ದೀರಿ ಮೇಷ್ಟ್ರೇ, ಮಾಡಿಲ್ಲ.

ತುಂಗೆಯ ಆಚೆ:
ಶಿವಮೊಗ್ಗ, ದಾವಣಗೆರೆ ಕಡೆ ಹಲವು ಊರಲ್ಲಿ ಹೊರಬೀಡು ಅಂತ ಮಾಡ್ತಾರೆ. ಹಬ್ಬಕ್ಕೆ ಮೊದಲು ಒಂದು ದಿನ ಇಡೀ ಊರು ಖಾಲಿ. ಮನೆಗೆ ಬೀಗ, ದನಕರು, ಕೋಳಿ ಸಮೇತ ಊರಾಚೆಯ ತೋಪಿಗೆ. ಅಡುಗೆ, ಊಟ ಎಲ್ಲಾ ಅಲ್ಲೇ. ಸಂಜೆ ಪೂಜೆ ಆದ ಮೇಲೆ ಒಳಗೆ. ಹಿಂದಿನವರು ಸಾಂಕ್ರಾಮಿಕ ರೋಗಕ್ಕೆ ಹೆದರಿ ಕಂಡುಕೊಂಡ ಕ್ವಾರಂಟೈನ್ ಇದು ಅನಿಸುತ್ತೆ. ಅಂದಹಾಗೆ ಬಯಲುಸೀಮೆಯವರೇ, ಅರವತ್ತು ಮನೆಗೆ ಬೀಗ ಅಂದಿರಲ್ಲ, ನಿಮ್ಮೂರಿಗೆ ವರ್ಷವಿಡೀ ಹೊರಬೀಡು!

ಮಲಪ್ರಭೆ ದಂಡೆ:
ಪ್ರತಿ ಆಚರಣೆಗೂ ಒಂದು ವಿಜ್ಞಾನ ಹುಡುಕೋ ಚಟ ಬಿಡೋಣ. ಒಂದು ದಿನ ಹೊರಗಿದ್ದು ಸಂಜೆ ಅದೇ ಮನೆಗೆ ಬಂದರೆ ಯಾವ ರೋಗ ಹೋಗುತ್ತೆ?

ಹಳೇ ಮೇಷ್ಟ್ರು:
ರೋಗದ ನಂಟು ಮಾತ್ರ ಸುಳ್ಳಲ್ಲ. ಸಿಡುಬಿಗೆ ನಮ್ಮ ಕಡೆ ರೋಗದ ಹೆಸರೇ ಇರಲಿಲ್ಲ, 'ಅಮ್ಮ' ಅಂತಲೇ ಕರೆಯೋದು. ಮನೆಯಲ್ಲಿ ಅಮ್ಮ ಬಂದಿದ್ದಾಳೆ ಅಂದರೆ ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಇಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಸಾರು ಹಾಕಿದ ಮೇಲಿನ ಕಟ್ಟುಪಾಡುಗಳನ್ನು ಇದರ ಪಕ್ಕ ಇಟ್ಟು ನೋಡಿ, ಒಂದೇ. ಕಾಯಿಲೆ ಮಲಗಿದ ಮನೆಯ ಹಾಗೆ ಇಡೀ ಊರು ಇರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗಮ್ಮನಿಗೂ ಗುಡಿ ಎದ್ದಿತು. ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ 1980ರಲ್ಲಿ ಸಾರಿದರು. ನಮ್ಮೂರಲ್ಲಿ ಮಾತ್ರ ಅದಕ್ಕೆ ಮುಂದಿನ ಹಬ್ಬವನ್ನು ಇನ್ನೂ ಜೋರಾಗಿ ಮಾಡಿದರು.

ಅರೆ ಸದ್ದು:
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನಂದು ಬೇರೆ ಊರು, ಹಾಸನ ಕಡೆ. ಸಾರು ಹಾಕಿದ ದಿನದಿಂದ ಹಬ್ಬ ಅಂತ ಮೇಷ್ಟ್ರು ಹೇಳಿದರು. ಸಾರು ಹಾಕೋದು ಯಾರು? ತಮಟೆ ಹೊಡ್ಕೊಂಡು ಬೀದಿ ಬೀದಿ ತಿರುಗಿದವರು ನಮ್ಮಪ್ಪ, ನಮ್ಮ ತಾತ. ಆರತಿ ಮುಂದೆ, ಮೆರವಣಿಗೆ ಮುಂದೆ, ಸೋಮನ ಕುಣಿತದ ಮುಂದೆ ನಾವೇ. ಅಮ್ಮ ಊರೆಲ್ಲಾ ಸುತ್ತಿ ಬಂದು ನಮ್ಮ ಕೇರಿ ಸಿಗೋ ಮೂಲೆಯಲ್ಲಿ ತಿರುಗ್ತಾಳೆ. ನಾವು ಮೂಲೆಗೆ ಬಂದು ಕೈ ಮುಗೀಬೇಕು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಆ ತಿರುವಿನಲ್ಲೂ ಹೊಡೀತಿದ್ದರು, ಅಮ್ಮನನ್ನು ನಮ್ಮ ಮನೆಯಿಂದ ಆಚೆ ಕರೆದುಕೊಂಡು ಹೋಗೋ ತಾಳ.

ಬಯಲುಸೀಮೆಯವರೇ, ಒಂದೇ ಪ್ರಶ್ನೆ. ಇನ್ನೂರು ಮನೆ ಅಂದ್ರಲ್ಲ. ಆ ಲೆಕ್ಕದಲ್ಲಿ ಕೇರಿ ಮನೆಗಳು ಸೇರಿವೆಯಾ?

ಬಯಲುಸೀಮೆಯವ:
ನಿಮ್ಮ ಮಾತು ಓದಿ ಮನಸ್ಸಲ್ಲೇ ಬೀದಿ ಬೀದಿ ಎಣಿಸಿದೆ. ಸೇರಿಲ್ಲ. ಸೇರಿಸಿದರೆ ಇನ್ನೂರ ನಲವತ್ತು ದಾಟುತ್ತೆ.

ಹಳೇ ಮೇಷ್ಟ್ರು:
ಹಾಗೆ ಮಾಡೋದು ತಪ್ಪೇ. ಆದರೆ ಒಂದು ಮಾತು. ಸಾರು ಹಾಕೋದು, ಮೊದಲ ತಮಟೆ ಬಾರಿಸೋದು ಹಿಂದಿನಿಂದ ಬಂದ ಹಕ್ಕು. ಅದಿಲ್ಲದೆ ಅಮ್ಮ ಏಳುವುದಿಲ್ಲ. ಮಡಿವಾಳರಿಗೆ ಪಂಜು, ಕುಂಬಾರರಿಗೆ ಕಳಸ, ಹಾಗೇ ಇದು. ಎಲ್ಲರಿಗೂ ಒಂದೊಂದು ಕೆಲಸ ಇಟ್ಟು ಹಿರಿಯರು ಊರನ್ನು ಕಟ್ಟಿಹಾಕಿದ್ದರು.

ಅರೆ ಸದ್ದು:
ಹಕ್ಕು ಅಂದಮೇಲೆ ಬೇಡ ಅನ್ನೋಕೂ ಬರಬೇಕಲ್ವಾ ಸರ್? ನಮ್ಮಪ್ಪ ಒಂದು ಸಲ ಜ್ವರ, ಆಗಲ್ಲ ಅಂದರು. ದಂಡ ಹಾಕಿದರು. ಪೂಜಾರಿಗೆ ಜ್ವರ ಬಂದರೆ ತಮ್ಮನ ಮಗ ಪೂಜೆ ಮಾಡ್ತಾನೆ, ದಂಡ ಇಲ್ಲ. ಕಟ್ಟಿಹಾಕಿದ್ದರು ಅನ್ನೋ ಮಾತು ಮಾತ್ರ ಸರಿಯಾಗಿ ಬಂತು ನಿಮ್ಮ ಬಾಯಲ್ಲಿ.

ಕಾಯ್ದೆ ಪುಸ್ತಕ:
ಬಲವಂತವಾಗಿ ತಮಟೆ ಹೊಡೆಸೋದು, ಮೆರವಣಿಗೆಗೆ, ಗುಡಿಗೆ ಅಡ್ಡಿ ಮಾಡೋದು ಎಲ್ಲಕ್ಕೂ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಸ್ಪೃಶ್ಯತೆ ನಿಷೇಧಿಸೋ ಸಂವಿಧಾನದ 17ನೇ ವಿಧಿ ಅದಕ್ಕಿಂತ ಹಳೆಯದು. ಊರಿನ ಪದ್ಧತಿ ಅಂದರೆ ಠಾಣೆಯಲ್ಲಿ ನಡೆಯೋದಿಲ್ಲ.

ಅರೆ ಸದ್ದು:
ಗೊತ್ತು ಸರ್. ಕೇಸು ಹಾಕಿದ ಮೇಲೆ ಅದೇ ಊರಲ್ಲಿ ಹಾಲು ಹಾಕಬೇಕು, ಅದೇ ಊರಲ್ಲಿ ಕೂಲಿಗೆ ಹೋಗಬೇಕು. ಅದು ಪುಸ್ತಕದಲ್ಲಿಲ್ಲ.

ತುಂಗೆಯ ಆಚೆ:
ತಮಟೆ ಇಷ್ಟು ತೊಂದರೆ ಆದರೆ ಡಿಜೆ ತರಿಸಿ ಅಷ್ಟೇ. ಈಗ ಎಲ್ಲಾ ಕಡೆ ಅದೇ.

ಮಲಪ್ರಭೆ ದಂಡೆ:
ಡಿಜೆ ತಂದ ಊರಲ್ಲಿ ಪೂಜಾರಿಗಿಂತ ಮೊದಲು ಹುಡುಗರ ಮೈಮೇಲೆ ಬರುತ್ತೆ, ಅದೂ ಬಾಟಲಿಯಿಂದ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕು ಹಾಕುವಂತಿಲ್ಲ, ನಿಮ್ಮ ಆರತಿ ಹೊರಡೋದೇ ಹನ್ನೊಂದಕ್ಕೆ. ಮತ್ತೆ ಡಿಜೆಯವನಿಗೆ ನಲವತ್ತು, ಐವತ್ತು ಸಾವಿರ ಎಣಿಸಿ ಕೊಡೋರು ತಮಟೆಯವರಿಗೆ ಸೇರಕ್ಕಿ ಕೊಟ್ಟು ಕಳಿಸ್ತಾರೆ.

ಗಟ್ಟದ ಮೇಲಿನವ:
ಮಾರಿಯ ಕಥೆ ನೆನಪಾಗುತ್ತೆ ಇಲ್ಲಿ. ಕುಲ ಮುಚ್ಚಿಟ್ಟು ಮದುವೆಯಾದ ಗಂಡ, ಗೊತ್ತಾದ ಮೇಲೆ ಸಿಟ್ಟಾದ ಹೆಣ್ಣು, ಕೋಣನ ಮೈ ಹೊಕ್ಕು ಅಡಗಿದವನು. ಶಿರಸಿಯಲ್ಲಿ ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರ ಸುಡೋದೂ ಆ ಕಥೆಯದೇ ತುಂಡು. ಅಜ್ಜಿ ಹೇಳುವಾಗ ನಾವು ಯಾವಾಗಲೂ ದೇವಿಯ ಕಡೆ ಇದ್ದೆವು. ಸುಟ್ಟಿದ್ದು ಯಾರ ಗುಡಿಸಲು ಅಂತ ಕೇಳಬೇಕು ಅಂತ ಅನಿಸಿರಲಿಲ್ಲ.

ಅರೆ ಸದ್ದು:
ನಮ್ಮ ಅಜ್ಜಿ ಅದೇ ಕಥೆ ಬೇರೆ ಥರ ಹೇಳ್ತಿದ್ದಳು. ಅದರಲ್ಲಿ ಗಂಡ ಏನೂ ಮುಚ್ಚಿಟ್ಟಿರಲಿಲ್ಲ.

ತವರಿಗೆ ಹೊರಟವಳು:
ಆ ಕಥೆ ಪೂರ್ತಿ ಬರೀರಿ ಅಣ್ಣಾ, ಇಲ್ಲೇ ಬೇಡ ಅಂದರೆ ಬೇರೆ ಚರ್ಚೆ ಶುರು ಮಾಡಿ. ಓದ್ತೀನಿ.

ಬಯಲುಸೀಮೆಯವ:
ಸಭೆ ಮುಗಿಸಿ ಈಗ ಬಂದೆ. ಹಬ್ಬ ಭಾನುವಾರ ಬೇಡ ಅನ್ನೋ ಸಭೆ ಕರೆದದ್ದು ಭಾನುವಾರವೇ, ಬೆಂಗಳೂರಿನವರೂ ಬರಲಿ ಅಂತ! ಮಾತು ಹರಿಯಲಿಲ್ಲ. ಕೊನೆಗೆ ಅಮ್ಮನಿಗೇ ಹೂವು ಕೇಳೋಣ ಅಂದರು. ಮಂಗಳವಾರವಾದರೆ ಬಲಕ್ಕೆ ಕೊಡು ತಾಯಿ ಅಂತ ಪೂಜಾರಿ ಕೂತರು. ಅರ್ಧ ಗಂಟೆ ಹೂವು ಅಲುಗಲಿಲ್ಲ. ನಮ್ಮ ಹುಡುಗನೊಬ್ಬ ಫ್ಯಾನ್ ಹಾಕ್ರೋ ಅಂದ, ಬೈಸಿಕೊಂಡ. ಆಮೇಲೆ ಬಲಕ್ಕೇ ಬಿತ್ತು. ಮಂಗಳವಾರ ಗಟ್ಟಿಯಾಯಿತು. ನಾನೂ ಒಪ್ಪಿದೆ. ನಿಜ ಹೇಳಬೇಕು ಅಂದರೆ ಅಕ್ಕ ಬರೆದಿದ್ದು ಓದಿದ ಮೇಲೆ ನನಗೆ ಭಾನುವಾರದ ಹಟ ಇರಲಿಲ್ಲ. ನನ್ನ ತಂಗಿಗೆ ಫೋನ್ ಮಾಡಿ ಕೇಳಿದೆ, ಅವಳೂ ಅದನ್ನೇ ಅಂದಳು.

ಹೂವು ಕೇಳೋದು ಹೇಗೂ ನಡೀತಿದೆ, ಇನ್ನೊಂದು ಕೇಳೋಣ ಅಂದೆ. ಈ ಸಲ ಅಮ್ಮ ಕೇರಿಯೊಳಗೆ ಹೋಗಿ ಬರಲಾ ಅಂತ. ಒಂದು ಗಳಿಗೆ ಯಾರೂ ಉಸಿರು ಬಿಡಲಿಲ್ಲ. ಪೂಜಾರಿ ನನ್ನ ಮುಖ ನೋಡಿದರು, ಬೈಯಲಿಲ್ಲ. ಹಿರಿಯರೊಬ್ಬರು ಎದ್ದು ಪಂಚೆ ಕೊಡವಿಕೊಂಡು, "ಎಲ್ಲಾದ್ನೂ ಅಮ್ಮನ್ನ ಕೇಳೋಕಾಗಲ್ಲ" ಅಂದರು. ಸಭೆ ಎದ್ದಿತು.

ಹಳೇ ಮೇಷ್ಟ್ರು:
ಅಮ್ಮ ಬಲಕ್ಕೆ ಕೊಟ್ಟುಬಿಟ್ಟರೆ ಅನ್ನೋ ಭಯ ಅದು. ನನ್ನ ಊರಿನಲ್ಲೂ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.

ಅರೆ ಸದ್ದು:
ನೀವು ಕೇಳಿದ್ರಲ್ಲ, ಅಷ್ಟಾದರೂ ಆಯಿತು. ಇರಲಿ. ಮಂಗಳವಾರದ ತಮಟೆಗೆ ಯಾರು ಅಂತ ತೀರ್ಮಾನ ಆಯಿತಾ?

ಬಯಲುಸೀಮೆಯವ:
ಇಲ್ಲ ಅಣ್ಣಾ. ಕೇರಿಯವರನ್ನು ಸಭೆಗೆ ಕರೆದೇ ಇರಲಿಲ್ಲ. ಸಾರು ಹಾಕೋಕೆ ಇನ್ನು ಹನ್ನೆರಡು ದಿನ ಇದೆ.