ನೀರೊಳಗಿನ ವಿಡಿಯೊ ಲೈಟ್‌ಗೆ 60 ಡಿಗ್ರಿಯೋ, 120 ಡಿಗ್ರಿಯೋ?

ಕಡಲತಡಿ:
ಡಿಸೆಂಬರ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುತ್ತಿದ್ದೇನೆ. ಆಕ್ಷನ್ ಕ್ಯಾಮೆರಾಗೆ ಎರಡು ಲೈಟ್ ನಾನೇ ಮಾಡುತ್ತಿದ್ದೇನೆ. ಅಲ್ಯೂಮಿನಿಯಂ ಕೊಳವೆ, ಒಳಗೆ ಸಿಒಬಿ ಎಲ್‌ಇಡಿ (ಹಲವು ಚಿಪ್ ಒಂದೇ ತಟ್ಟೆಯಲ್ಲಿ ಸೇರಿದ್ದು), ಮುಂದೆ ಚಪ್ಪಟೆ ಅಕ್ರಿಲಿಕ್, ನೀರು ನುಗ್ಗದಂತೆ ಓ-ರಿಂಗ್ ಅನ್ನುವ ರಬ್ಬರ್ ಬಳೆ. ಬೆಳಕು 60 ಡಿಗ್ರಿ ಅಗಲಕ್ಕೆ ಮಾತ್ರ ಹರಡುವ ಲೆನ್ಸ್ ಹಾಕಲಾ, ಇಲ್ಲ ಲೆನ್ಸೇ ಇಲ್ಲದೆ 120ಕ್ಕೆ ಬಿಡಲಾ?

ಬೆಸುಗೆ:
60 ಹಾಕಿ. ಅದೇ ಎಲ್‌ಇಡಿ, ಅದೇ ಬ್ಯಾಟರಿ, ಆದರೆ ನಡುವೆ ಸುಮಾರು ಮೂರು ಪಟ್ಟು ಬೆಳಕು ಸಿಗುತ್ತದೆ. ನೀರು ಮೊದಲೇ ಬೆಳಕು ನುಂಗುತ್ತದೆ, ಅದನ್ನು ಸುತ್ತಲೂ ಚೆಲ್ಲಿ ಏನು ಪ್ರಯೋಜನ?

ಗಾಜುಕಿಟಕಿ:
ಸರ್, ನೀರಿಗಿಳಿದ ಮೇಲೆ 60 ಅನ್ನುವುದು 60 ಆಗಿ ಉಳಿಯುವುದಿಲ್ಲ. ಚಪ್ಪಟೆ ಅಕ್ರಿಲಿಕ್ ದಾಟಿ ನೀರಿಗೆ ಹೋಗುವಾಗ ಕಿರಣ ಒಳಕ್ಕೆ ಬಾಗುತ್ತದೆ. ಅರ್ಧ ಕೋನದ ಸೈನ್ ತೆಗೆದು 1.33ರಿಂದ (ನೀರಿನ ವಕ್ರೀಭವನ ಸೂಚ್ಯಂಕ) ಭಾಗಿಸಿ, ಬಂದ ಸೈನ್‌ನ ಕೋನವನ್ನು ಎರಡರಿಂದ ಗುಣಿಸಿ ನೋಡಿ. 120 ಡಿಗ್ರಿ ಸುಮಾರು 81 ಆಗುತ್ತದೆ, 90 ಇದ್ದದ್ದು 64, ನಿಮ್ಮ 60 ಬರೀ 44. ಅಕ್ರಿಲಿಕ್ ಎಷ್ಟು ದಪ್ಪ ಇದ್ದರೂ ಲೆಕ್ಕ ಇದೇ. ಕ್ಯಾಮೆರಾ ಕೂಡ ಚಪ್ಪಟೆ ಗಾಜಿನ ಹಿಂದೆಯೇ ಇರುತ್ತದೆ ಅಲ್ವಾ, ಹಾಗಾಗಿ 120 ಡಿಗ್ರಿ ನೋಡುವ ಕ್ಯಾಮೆರಾಗೂ ನೀರಲ್ಲಿ ಕಾಣುವುದು 81ರಷ್ಟೇ, ಅಂದರೆ ಲೆನ್ಸ್ ಇಲ್ಲದ ಎಲ್‌ಇಡಿ ಅದಕ್ಕೆ ತಾನಾಗೇ ಹೊಂದುತ್ತದೆ. 44 ಡಿಗ್ರಿ ಆದರೆ ಫ್ರೇಮ್ ನಡುವೆ ಒಂದು ಬಿಳಿ ಉಂಡೆ, ಸುತ್ತ ಕತ್ತಲು.

ಬೆಸುಗೆ:
ಲೆಕ್ಕ ಒಪ್ಪಿದೆ. ಆದರೆ ನೇತ್ರಾಣಿ ನೀರು ಎಲ್ಲ ದಿನವೂ ತಿಳಿಯಾಗಿರುವುದಿಲ್ಲ. ಅಗಲದ ಬೆಳಕು ತೇಲುವ ಕಣಗಳನ್ನೆಲ್ಲ ಬೆಳಗಿಸಿ ವಿಡಿಯೊ ತುಂಬ ಬಿಳಿ ಚುಕ್ಕಿ ತುಂಬುತ್ತದೆ.

ಹವಳ:
ಚುಕ್ಕಿಗೆ ಮುಖ್ಯ ಕಾರಣ ಲೈಟ್ ಎಲ್ಲಿದೆ ಅನ್ನುವುದು. ಕ್ಯಾಮೆರಾ ಪಕ್ಕದಲ್ಲೇ ಕೂರಿಸಿದರೆ 44 ಡಿಗ್ರಿಯಲ್ಲೂ ಚುಕ್ಕಿ ಬರುತ್ತದೆ, ಯಾಕೆಂದರೆ ಲೆನ್ಸಿಗೂ ಮೀನಿಗೂ ನಡುವಿನ ನೀರೇ ಬೆಳಗುತ್ತದೆ. ಎರಡು ಕಡೆ ಉದ್ದ ತೋಳು ಹಾಕಿ, ಲೈಟ್‌ಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಮೀನಿನ ಮೇಲೆ ಬೀಳಲಿ. ಹೀಗೆ ಮಾಡಬೇಕಾದರೆ ಅಂಚು ಮೆತ್ತಗಿರಬೇಕು. ಕಿರಿದಾದ ಲೆನ್ಸಿನಲ್ಲಿ ಅಂಚು ಥಟ್ಟನೆ ಕತ್ತರಿಸುತ್ತದೆ, ಅಲೆಗೆ ಕೈ ಅಲ್ಲಾಡಿದರೆ ಮೀನು ಬೆಳಕಿನಿಂದಲೇ ಹೊರಗೆ ಹೋಗುತ್ತದೆ.

ಬೆಸುಗೆ:
ಸರಿ ಅಕ್ಕ, ದೂರದ ಬಂಡೆ ತೆಗೆಯಬೇಕಾದರೆ?

ಹವಳ:
ಬಂಡೆಯ ಆಕಾರ ಬೇಕಾದರೆ ಕಂಡೀತು, ಬಣ್ಣ ಬರುವುದಿಲ್ಲ. ಬಂಡೆ 3 ಮೀಟರ್ ಆಚೆ ಇದ್ದರೆ ಬೆಳಕು ಹೋಗಿ ಬರಲು 6 ಮೀಟರ್ ನೀರು ದಾಟಬೇಕು, ಅಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. ಒಂದು, ಒಂದೂವರೆ ಮೀಟರ್ ಒಳಗೆ ಹತ್ತಿರ ಹೋಗಿಯೇ ತೆಗೆಯಬೇಕು. ಕಿರಿದಾದ ಬೆಳಕು ಬೇಕಾಗುವುದು ಬಂಡೆ ಸಂದಿಯಲ್ಲಿ ಹುಡುಕುವುದಕ್ಕೆ. ಅದಕ್ಕೆ ಬೇರೆ ಟಾರ್ಚ್ ಇಟ್ಟುಕೊಳ್ಳಿ.

ಕಡಲತಡಿ:
ಹಾಗಾದರೆ ಗುಮ್ಮಟದ ಥರದ ಗಾಜು ಹಾಕಿ ಪೂರ್ತಿ 120 ಉಳಿಸಿಕೊಂಡರೆ ಇನ್ನೂ ಒಳ್ಳೆಯದಲ್ವಾ?

ಗಾಜುಕಿಟಕಿ:
ಎಲ್‌ಇಡಿ ಸರಿಯಾಗಿ ಗುಮ್ಮಟದ ಕೇಂದ್ರದಲ್ಲಿದ್ದರೆ ಉಳಿಯುತ್ತದೆ. ಆದರೆ ನಿಮ್ಮ ಕ್ಯಾಮೆರಾ ನೋಡುವುದೇ 81, ಮಿಕ್ಕ ಬೆಳಕು ಸುಮ್ನೆ ದಂಡ. ಅದಕ್ಕಿಂತ ಮೊದಲು ನಿಮ್ಮ ಕೊಳವೆ ನೋಡಿ. ಮುಂದಿನ ಅಕ್ರಿಲಿಕ್ ಕಿಟಕಿ ಎಷ್ಟು ಅಗಲ, ಎಲ್‌ಇಡಿ ಎಷ್ಟು ಒಳಗಿದೆ?

ಕಡಲತಡಿ:
ಕಿಟಕಿ 40 ಮಿ.ಮೀ., ಎಲ್‌ಇಡಿ 20 ಮಿ.ಮೀ. ಒಳಗೆ.

ಗಾಜುಕಿಟಕಿ:
ಅಲ್ಲೇ ಹೋಯಿತು ನೋಡಿ. ಕಿಟಕಿಯ ಅಂಚೇ ಬೆಳಕನ್ನು 90ಕ್ಕೆ ಕತ್ತರಿಸುತ್ತದೆ, ನೀರಲ್ಲಿ 64 ಮಾತ್ರ. ಎಲ್‌ಇಡಿಯನ್ನು ಮುಂದಕ್ಕೆ ತನ್ನಿ, ಕಿಟಕಿಯಿಂದ 10 ಮಿ.ಮೀ. ಒಳಗಿರಲಿ. ಹಿಂದೆ ಗಟ್ಟಿ ಅಲ್ಯೂಮಿನಿಯಂ ತುಂಡು ಇಟ್ಟು ಥರ್ಮಲ್ ಪೇಸ್ಟ್ ಹಚ್ಚಿ, ಶಾಖ ಕೊಳವೆಗೆ ಹೋಗಿ ನೀರಿಗಿಳಿಯಬೇಕು.

ಬೆಸುಗೆ:
ಇದಕ್ಕೆ ನನ್ನ ತಕರಾರಿಲ್ಲ. ಆದರೂ ನೀರು ಕದಡಿದ ದಿನಕ್ಕೆ ಒಂದು 90ರ ಲೆನ್ಸ್ ಜೊತೆಗಿರಲಿ ಅನ್ನುತ್ತೇನೆ. ಮತ್ತೆ, ಗೋಡೆಗೆ ಬೆಳಕು ಬಿಟ್ಟು ತೀರ್ಮಾನ ಮಾಡಬೇಡಿ. ರಾತ್ರಿ ಈಜುಕೊಳದಲ್ಲಿ ಒಂದು ಮೀಟರ್ ದೂರದ ಬಿಳಿ ಹಲಗೆಗೆ ಬಿಟ್ಟು, ವಿಡಿಯೊ ತೆಗೆದು ಮೂಲೆಗಳನ್ನು ನೋಡಿ.