ಬೋನಿಗೆ ಬೀಳದ ಬೆಕ್ಕುಗಳು: ಸಂತಾನಹರಣ ಚಿಕಿತ್ಸೆಗೆ ಹಿಡಿಯುವುದು ಹೇಗೆ?

ಪ್ರಶ್ನೆ ಕೇಳಿದವರು, ಸುಂಟಿಕೊಪ್ಪ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯ ಸುತ್ತಮುತ್ತ ಯಾರೂ ಸಾಕದ ಎಂಟು ಬೆಕ್ಕುಗಳಿವೆ. ಹೋದ ವರ್ಷ ಮೂರೇ ಇದ್ದವು. ಈ ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗಳಲ್ಲಿ ಎರಡು ಥಂಡಿಗೆ ಸತ್ತದ್ದನ್ನು ಕಣ್ಣಾರೆ ಕಂಡ ಮೇಲೆ, ಎಲ್ಲ ಬೆಕ್ಕುಗಳಿಗೂ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದು ನಿಶ್ಚಯಿಸಿದೆ. ಪಶುವೈದ್ಯರು ಒಪ್ಪಿ ಮಂಗಳವಾರ ಮತ್ತು ಶುಕ್ರವಾರ ತರಲು ಹೇಳಿದ್ದಾರೆ. ಆದರೆ ಹನ್ನೊಂದು ದಿನಗಳಿಂದ ಒಣಮೀನು ಹಾಕಿ ಬೋನು ಇಟ್ಟರೂ ಒಂದೂ ಸಿಕ್ಕಿಲ್ಲ. ವೈದ್ಯರು ಕೊಟ್ಟ ದಿನವನ್ನು ಎರಡು ಸಲ ತಪ್ಪಿಸಿದ್ದೇನೆ, ನನಗೆ ಬಹಳ ಬೇಸರವಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಗೋಣಿಕೊಪ್ಪಲಿನಿಂದ:
ತಪ್ಪು ಇರುವುದು ಒಣಮೀನಿನಲ್ಲಿ. ಹಸಿ ಮತ್ತಿ ಮೀನನ್ನು ಕೆಂಡದ ಮೇಲೆ ಸ್ವಲ್ಪ ಸುಟ್ಟು ಇಡಿ, ಅದರ ವಾಸನೆ ಅಂಗಳದಾಚೆಗೂ ಹೋಗುತ್ತದೆ.

ಕುಶಾಲನಗರದಿಂದ:
ಈ ಮಾತನ್ನು ನಾನು ಒಪ್ಪುವುದಿಲ್ಲ. ಮಡಿಕೇರಿ ಕಡೆಯ ಮಳೆಯಲ್ಲಿ ಮೀನಿನ ವಾಸನೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಕೋಳಿಯ ಈಲಿಯನ್ನು ಬೇಯಿಸಿ ಇಡುವುದೇ ಸರಿ.

ಗೋಣಿಕೊಪ್ಪಲಿನಿಂದ:
ಈಲಿಯನ್ನು ಬೆಕ್ಕು ಕಚ್ಚಿಕೊಂಡು ಓಡಿಬಿಡುತ್ತದೆ, ಆದರೆ ಮೀನನ್ನು ಅಲ್ಲೇ ಕೂತು ತಿನ್ನುತ್ತದೆ. ನಾನು ಹದಿನಾಲ್ಕು ಬೆಕ್ಕುಗಳನ್ನು ಮತ್ತಿಯಿಂದಲೇ ಹಿಡಿದಿದ್ದೇನೆ.

ಪೊನ್ನಂಪೇಟೆಯಿಂದ:
ನಮ್ಮ ಬಳಿ ನಾಲ್ಕು ಬೋನುಗಳಿವೆ. ಎರಡಕ್ಕೆ ಹಿಂದೆಯೂ ಬಾಗಿಲಿದೆ, ಒಂದಕ್ಕೆ ಸದ್ದಾಗದಂತೆ ಬಾಗಿಲಿನ ಅಂಚಿಗೆ ರಬ್ಬರ್ ಹಾಕಿಸಿದ್ದೇವೆ, ಬೇಕಿದ್ದರೆ ಕೊಡಬಹುದು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ತೋಟದ ಅಂಚಿನಲ್ಲಿ ರಾತ್ರಿ ಬೋನು ಇಟ್ಟರೆ ಪುನುಗು ಬೆಕ್ಕು ಬೀಳುತ್ತದೆ, ಕಾಡುಬೆಕ್ಕೂ ಬೀಳಬಹುದು. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು. ಆದ್ದರಿಂದ ಬೋನಿನ ಬಳಿ ಯಾರಾದರೂ ಕಾದಿರಲೇಬೇಕು, ಹಾಗೆ ಬಿದ್ದರೆ ಅಲ್ಲಿಯೇ ಬಿಟ್ಟುಬಿಡಬೇಕು.

ಮಡಿಕೇರಿಯಿಂದ:
ಆಮಿಷದ ಚರ್ಚೆಗೆ ಮೊದಲು ಮೂರು ವಿಷಯ ತಿಳಿಯಬೇಕು, ಅಕ್ಕ. ಬೋನಿನ ಉದ್ದ ಎಷ್ಟು? ಈ ಬೆಕ್ಕುಗಳಿಗೆ ಬೇರೆ ಯಾರಾದರೂ ಊಟ ಹಾಕುತ್ತಿದ್ದಾರೆಯೇ? ಯಾವುದಾದರೂ ಬೆಕ್ಕು ಒಮ್ಮೆ ಒಳಗೆ ಹೋಗಿ ತಪ್ಪಿಸಿಕೊಂಡಿದೆಯೇ?

ಪ್ರಶ್ನೆ ಕೇಳಿದವರು:
ಬೋನು ಒಂದೂವರೆ ಅಡಿ ಇದೆ, ಹೆಗ್ಗಣಕ್ಕೆಂದು ಮಾಡಿಸಿದ್ದು. ಮೊದಲ ದಿನ ಬೂದು ಹೆಣ್ಣುಬೆಕ್ಕು ಒಳಗೆ ಹೋಗಿತ್ತು, ಬಾಗಿಲು ಅದರ ಬೆನ್ನಿಗೆ ಬಡಿದು ಹೊರಗೆ ಜಿಗಿಯಿತು. ಉಳಿದವು ಅದನ್ನು ನೋಡುತ್ತಿದ್ದವು. ಲೈನ್ ಮನೆಯವರು, ಅಂದರೆ ಸಾಲುಮನೆಗಳಲ್ಲಿರುವ ತೋಟದ ಕೆಲಸದವರು, ಸಂಜೆ ಅನ್ನ, ಮೀನು ಹಾಕುವುದು ಮೊದಲಿನಿಂದಲೂ ಇದೆ. ಇವೆಲ್ಲ ಮುಖ್ಯವೆಂದು ನನಗೆ ತೋಚಿರಲಿಲ್ಲ.

ಮಡಿಕೇರಿಯಿಂದ:
ಸಮಸ್ಯೆ ಇರುವುದು ಇಲ್ಲಿಯೇ. ಹೊಟ್ಟೆ ತುಂಬಿದ ಬೆಕ್ಕು ಯಾವ ಮೀನಿಗೂ ಪೆಟ್ಟಿಗೆಯೊಳಗೆ ಹೋಗುವುದಿಲ್ಲ, ಒಮ್ಮೆ ಹೆದರಿದ್ದಂತೂ ಹೋಗುವುದೇ ಇಲ್ಲ. ಪೊನ್ನಂಪೇಟೆಯವರಿಂದ ಕನಿಷ್ಠ ಎರಡೂವರೆ ಅಡಿ ಉದ್ದದ ಬೋನು ತರಿಸಿಕೊಳ್ಳಿ. ಅದರ ಬಾಗಿಲನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ತಳದ ಜಾಲರಿ ಕಾಲಿಗೆ ಚುಚ್ಚದಂತೆ ಹಳೆಯ ಪತ್ರಿಕೆ ಹಾಸಿ, ಒಂದು ವಾರ ದಿನವೂ ಅದೇ ಹೊತ್ತಿಗೆ ಅದರೊಳಗೇ ಊಟ ಇಡಿ. ತಟ್ಟೆಯನ್ನು ಮೊದಲು ಬಾಗಿಲಲ್ಲಿಟ್ಟು, ದಿನಕ್ಕೆ ಗೇಣುದ್ದ ಒಳಗೆ ಸರಿಸುತ್ತಾ ಕೊನೆಗೆ ಕಾಲಿಟ್ಟರೆ ಕುಸಿಯುವ ತಗಡಿನ ಆಚೆಗೆ ತನ್ನಿ. ಲೈನ್ ಮನೆಯವರನ್ನು ದೂರಬೇಡಿ, ಈ ಬೆಕ್ಕುಗಳು ಬದುಕಿರುವುದು ಅವರ ಅನ್ನದಿಂದ. ಸಂಜೆಯ ಆ ಅನ್ನವನ್ನೇ ಬೋನಿನೊಳಗೆ ಇಡಲು ಕೇಳಿಕೊಳ್ಳಿ, ಹಿಡಿಯುವ ಹಿಂದಿನ ದಿನ ಮಾತ್ರ ಯಾರೂ ಏನೂ ಹಾಕದಿರಲಿ, ನೀರು ಇರಲಿ. ಬೆಕ್ಕು ಬಿದ್ದ ಕೂಡಲೇ ಇಡೀ ಬೋನಿಗೆ ದಪ್ಪ ಬಟ್ಟೆ ಹೊದಿಸಿದರೆ ಒದ್ದಾಟ ನಿಲ್ಲುತ್ತದೆ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿ ಕತ್ತರಿಸಿ ಗುರುತು ಮಾಡಲು ವೈದ್ಯರನ್ನು ಕೇಳಿ, ಇಲ್ಲವಾದರೆ ಅದೇ ಬೆಕ್ಕನ್ನು ಮತ್ತೆ ಹಿಡಿದು ಹಿಂಸಿಸಿದಂತಾಗುತ್ತದೆ. ರೇಬೀಸ್ ಲಸಿಕೆಯನ್ನೂ ಅಂದೇ ಹಾಕಿಸಿ. ಚಿಕಿತ್ಸೆಯ ನಂತರ ಅವುಗಳ ಮೈ ಬೇಗ ತಣ್ಣಗಾಗುತ್ತದೆ, ನಮ್ಮ ಚಳಿಯಲ್ಲಿ ಗೋಣಿಚೀಲವೊಂದೇ ಸಾಲದು, ಕಂಬಳಿ ಬೇಕು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅದು ಬೆಕ್ಕಿಗೆ ವಿಷ.

ಕುಶಾಲನಗರದಿಂದ:
ಹೆಣ್ಣುಬೆಕ್ಕುಗಳನ್ನು ಮೊದಲು ಹಿಡಿಯಿರಿ. ಗರ್ಭದ ಅವಧಿ ಒಂಬತ್ತು ವಾರ ಮಾತ್ರ, ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದೂ ಉಂಟು.

ಪ್ರಶ್ನೆ ಕೇಳಿದವರು:
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಐದು ಬೆಕ್ಕುಗಳಿಗೆ ಚಿಕಿತ್ಸೆ ಮುಗಿದು, ಹಿಡಿದ ಜಾಗದಲ್ಲಿಯೇ ಬಿಟ್ಟಿದ್ದೇವೆ. ಲೈನ್ ಮನೆಯ ಹೆಂಗಸರೇ ಸರದಿಯಲ್ಲಿ ಕಾವಲು ಕೂತರು. ಈ ಬೆಳಿಗ್ಗೆ ಬೂದು ಬೆಕ್ಕೂ ಸಿಕ್ಕಿದೆ, ಆದರೆ ಅದರ ಮೊಲೆಗಳು ಹಾಲು ತುಂಬಿಕೊಂಡಿವೆ. ಮರಿಗಳು ಎಲ್ಲಿವೆಯೋ ತಿಳಿಯದು. ಹೊರಡಲು ಒಂದು ಗಂಟೆಯಿದೆ, ದಯವಿಟ್ಟು ಬೇಗ ಉತ್ತರಿಸಿ.

ಗೋಣಿಕೊಪ್ಪಲಿನಿಂದ:
ಸಂತೋಷದ ಸುದ್ದಿ. ಐದಕ್ಕೂ ಯಾವ ಮೀನು ಇಟ್ಟಿರಿ?

ಮಡಿಕೇರಿಯಿಂದ:
ಮೊದಲು ವೈದ್ಯರಿಗೆ ಫೋನ್ ಮಾಡಿ. ಶಸ್ತ್ರಚಿಕಿತ್ಸೆಯಿಂದ ಹಾಲು ಬತ್ತುವುದಿಲ್ಲ, ಆದರೆ ಎಳೆಯ ಮರಿಗಳು ತಾಯಿಯ ಬಿಸಿಯಿಲ್ಲದೆ ಇಡೀ ದಿನ ಉಳಿಯಲಾರವು. ಮರಿಗಳು ಸಿಗದಿದ್ದರೆ ಅಥವಾ ತೀರ ಎಳೆಯವಾಗಿದ್ದರೆ, ನಾನಾಗಿದ್ದರೆ ಈಗಲೇ ತಾಯಿಯನ್ನು ಬಿಟ್ಟುಬಿಡುತ್ತಿದ್ದೆ. ಬೋನಿನೊಳಗೇ ಉಣ್ಣಲು ಕಲಿತ ಬೆಕ್ಕು ಮತ್ತೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಕಾಫಿ ಗೋದಾಮಿನ ಅಟ್ಟದ ಮೇಲೆ ಮೂರು ಮರಿಗಳು ಸಿಕ್ಕವು, ಇನ್ನೂ ಕಣ್ಣು ಬಿಟ್ಟಿಲ್ಲ. ತಾಯಿಯನ್ನು ಅಲ್ಲಿಯೇ ಬಿಟ್ಟೆವು, ಸ್ವಲ್ಪ ಹೊತ್ತಿನಲ್ಲಿ ಹತ್ತಿ ಹೋಗಿ ಮಲಗಿತು. ವೈದ್ಯರು ಎಂಟು ವಾರಗಳ ನಂತರ ನಾಲ್ಕನ್ನೂ ಒಟ್ಟಿಗೆ ತರಲು ಹೇಳಿದ್ದಾರೆ. ಅಟ್ಟದ ಬುಡದಲ್ಲಿ ಬಾಗಿಲು ಕಟ್ಟಿದ ಬೋನನ್ನು ಇಟ್ಟು ಬಂದಿದ್ದೇನೆ, ಸಂಜೆಯ ಅನ್ನ ಅದರೊಳಗೇ.