ಪದಚರ್ಚೆ: ‘ಅಪೋಥೆಮ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

> ಪ್ರೌಢಶಾಲೆಯ ಅಭ್ಯಾಸದ ಹಾಳೆಯೊಂದನ್ನು ಅನುವಾದಿಸುತ್ತಿದ್ದೇನೆ. ನಿಯಮಿತ ಬಹುಭುಜಾಕೃತಿಯ ಕೇಂದ್ರದಿಂದ ಬಾಹುವಿಗೆ ಎಳೆದ ಲಂಬಕ್ಕೆ ಒಂದೇ ಪದ ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ.

>> ಅಂತರ್ವೃತ್ತದ ತ್ರಿಜ್ಯ ಅನ್ನಿ. ಹೊಸ ಪದ ಯಾಕೆ?

>> ಗ್ರೀಕ್ ಪದ ಬೇಡವೇ ಬೇಡ. ಕೇಂದ್ರಲಂಬ. ಮುಗಿಯಿತು.

ಮುಗಿದಿಲ್ಲ ಸ್ವಾಮಿ.

‘ಅಂತರ್ವೃತ್ತದ ತ್ರಿಜ್ಯ’ (ಆಕೃತಿಯ ಒಳಗೆ ಎಲ್ಲ ಬಾಹುಗಳನ್ನೂ ಮುಟ್ಟುವ ವೃತ್ತದ ತ್ರಿಜ್ಯ) ಆಗುವುದಿಲ್ಲ. ಅಳತೆ ಒಂದೇ ಇರಬಹುದು, ವಸ್ತು ಬೇರೆ. ತ್ರಿಜ್ಯವನ್ನು ಯಾವ ದಿಕ್ಕಿಗೆ ಬೇಕಾದರೂ ಎಳೆಯಬಹುದು. ಇದು ಬಾಹುವಿನ ಮಧ್ಯಬಿಂದುವಿಗೇ ಹೋಗಿ ನಿಲ್ಲಬೇಕು. ಅಂತರ್ವೃತ್ತವಂತೂ ಯಾವ ತ್ರಿಭುಜಕ್ಕಾದರೂ ಇರುತ್ತದೆ. ಅಪೋಥೆಮ್ ನಿಯಮಿತ ಆಕೃತಿಗಳ ಸೊತ್ತು. ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚಿದರೆ ವೃತ್ತವೇ ಇಲ್ಲದ ಚಿತ್ರದಲ್ಲಿ ಮಗು ವೃತ್ತ ಹುಡುಕುತ್ತಾ ಕೂರುತ್ತದೆ.

‘ಕೇಂದ್ರಲಂಬ’ದ ತೊಂದರೆ ಇನ್ನೂ ದೊಡ್ಡದು. ತ್ರಿಭುಜದ ಮೂರು ಎತ್ತರಗಳು ಸೇರುವ ಬಿಂದುವಿಗೆ ‘ಲಂಬಕೇಂದ್ರ’ ಎಂಬ ಹೆಸರು ಆಗಲೇ ಇದೆ. ಒಂದೇ ಜೋಡಿಯನ್ನು ತಿರುವಿ ಹಾಕಿ ಒಮ್ಮೆ ಬಿಂದು, ಒಮ್ಮೆ ಗೆರೆ ಎಂದರೆ ಪರೀಕ್ಷೆಯ ದಿನ ಮಕ್ಕಳ ಗತಿ ಏನು? ಇನ್ನು ಗ್ರೀಕ್ ಬೇಡ ಎಂದಿರಿ. ‘ಕೇಂದ್ರ’ವೇ ಗ್ರೀಕಿನ ‘ಕೆಂಟ್ರಾನ್’ನಿಂದ ಸಂಸ್ಕೃತಕ್ಕೆ ಬಂದದ್ದು. ಹಾಗೆಯೇ ನಮ್ಮ ‘ಜೀವಾ’ (‘ಜ್ಯಾ’ದ ಇನ್ನೊಂದು ಹೆಸರು, ಬಿಲ್ಲಿನ ಹೆದೆ) ಅರಬ್ಬಿಗೆ ಹೋಗಿ ‘ಜೀಬ’ ಆಯಿತು, ಅದನ್ನು ‘ಜೈಬ್’ (ಮಡಿಲು) ಎಂದು ಓದಿಕೊಂಡವರು ಲ್ಯಾಟಿನ್ನಿನಲ್ಲಿ ಅದೇ ಅರ್ಥದ ‘ಸೈನಸ್’ ಎಂದರು, ಈಗ ‘ಸೈನ್’ ಎಂಬ ಹೆಸರಿನಲ್ಲಿ ಮನೆಗೆ ಮರಳಿದೆ. ಬಾಗಿಲಲ್ಲಿ ನಿಂತು ಪದಗಳ ಜಾತಕ ಕೇಳುವುದಾದರೆ ಗಣಿತದ ಅರ್ಧ ಪುಸ್ತಕ ಹೊರಗೇ ಉಳಿಯುತ್ತದೆ.

ಹಾಗಂತ ‘ಅಪೋಥೆಮ್’ ಅಂತಲೇ ಬಿಡಿ ಎನ್ನುತ್ತಿಲ್ಲ. ಅದರ ಗ್ರೀಕ್ ಬೇರಿಗೆ ‘ತೆಗೆದಿಡು’ ಎಂದಷ್ಟೇ ಅರ್ಥ. ಅಲ್ಲಿ ಲಂಬವೂ ಇಲ್ಲ, ಬಾಹುವೂ ಇಲ್ಲ. ಹುಟ್ಟಿದಲ್ಲೇ ಏನನ್ನೂ ತೋರಿಸದ ಪದ ನಮ್ಮ ಮಗುವಿಗೆ ಏನು ತೋರಿಸೀತು?

ನನ್ನ ಸೂಚನೆ: ನಡುಲಂಬ.

ಈ ಗೆರೆಯ ಒಂದು ತುದಿ ಆಕೃತಿಯ ನಡುವಿನಲ್ಲಿದೆ, ಇನ್ನೊಂದು ಬಾಹುವಿನ ನಡುವಿನಲ್ಲಿದೆ, ಬಾಹುವಿಗೆ ಲಂಬವಾಗಿದೆ. ಮೂರೂ ಸಂಗತಿ ಒಂದೇ ಪದದಲ್ಲಿ ಬಂದವು. ಬಾಹುವಿನ ಲಂಬಾರ್ಧಕದ (ಬಾಹುವನ್ನು ಲಂಬವಾಗಿ ಸರಿಯಾಗಿ ಎರಡು ಪಾಲು ಮಾಡುವ ಗೆರೆ) ಜೊತೆ ಗೊಂದಲವಾಗುತ್ತದೆ ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ: ಅಪೋಥೆಮ್ ಆ ಲಂಬಾರ್ಧಕದ ಮೇಲೇ ಇರುವ ತುಂಡು. ಅದು ಗೊಂದಲವಲ್ಲ, ನಂಟು.

ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದರೆ ಅದು ಅರಿಸಮಾಸ, ತಪ್ಪು ಎಂದು ಹಳೆಯ ವೈಯಾಕರಣ ಕೇಶಿರಾಜನನ್ನು ಕರೆತರುವವರೂ ಇದ್ದಾರೆ, ಗೊತ್ತು. ಅವರು ‘ನಡುರಾತ್ರಿ’ಯನ್ನು ಏನು ಮಾಡುತ್ತಾರೆ? ‘ಮಳೆಗಾಲ’ವನ್ನು? ‘ಸುತ್ತಳತೆ’, ‘ಓರೆ ಎತ್ತರ’ ಎಂಬ ಅಚ್ಚಗನ್ನಡ ಪದಗಳು ‘ತ್ರಿಜ್ಯ’, ‘ವಿಸ್ತೀರ್ಣ’ಗಳ ಪಕ್ಕದಲ್ಲೇ ಪಾಠಪುಸ್ತಕದಲ್ಲಿವೆ, ಯಾರಿಗೂ ಮೈಲಿಗೆಯಾಗಿಲ್ಲ. (‘ಓರೆ ಎತ್ತರ’ ಇರುವುದರಿಂದ ಇನ್ನೊಂದು ಲಾಭವಿದೆ. ಪಿರಮಿಡ್ಡಿನ ಓರೆ ಎತ್ತರವನ್ನೂ ಅಪೋಥೆಮ್ ಎನ್ನುವ ರೂಢಿ ಹೊರಗೆ ಉಂಟು. ನಮಗೆ ಆ ತಾಪತ್ರಯವಿಲ್ಲ.)

ಮಕ್ಕಳಿಗೆ ಕೈಗೆ ಸಿಗುವ ಉದಾಹರಣೆ ಬೇಕಾದರೆ ಸೈಕಲ್ ರಿಪೇರಿ ಅಂಗಡಿಗೆ ಕಳಿಸಿ. ಸ್ಪ್ಯಾನರಿನ ಮೇಲಿನ 13 ಎಂದರೆ ಆರು ಮೂಲೆಯ ನಟ್ಟಿನ ಎದುರುಬದುರು ಬಾಹುಗಳ ನಡುವಿನ ದೂರ, 13 ಮಿ.ಮೀ. ಅದರ ಅರ್ಧ, 6.5 ಮಿ.ಮೀ., ಆ ನಟ್ಟಿನ ನಡುಲಂಬ. ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 15 ಬರುತ್ತದೆ. ಪದ ನೆನಪಿಲ್ಲದಿದ್ದರೂ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಹಾಳೆಯಲ್ಲಿ ಸೂತ್ರ ಹೀಗಿರಲಿ: ವಿಸ್ತೀರ್ಣ = ½ × ಸುತ್ತಳತೆ × ನಡುಲಂಬ. ಮೊದಲ ಸಲ ಪದ ಬಂದಲ್ಲಿ ‘ಇದನ್ನು ಅಪೋಥೆಮ್ ಎಂದೂ ಕರೆಯುತ್ತಾರೆ’ ಎಂದು ಒಂದು ಸಾಲು ಸೇರಿಸಿ, ಮುಂದಿನ ತರಗತಿಗೆ ಬೇಕಾಗುತ್ತದೆ.

ಇನ್ನೊಂದು. ನೀವು ಲಗತ್ತಿಸಿದ ಹಾಳೆಯ ಮೂರನೇ ಲೆಕ್ಕದಲ್ಲಿ 10 ಸೆಂ.ಮೀ. ಬಾಹುವಿನ ಷಡ್ಭುಜಕ್ಕೆ ಅಪೋಥೆಮ್ 10 ಸೆಂ.ಮೀ. ಎಂದು ಕೊಟ್ಟಿದೆ. ಅದು ಪರಿವೃತ್ತದ (ಎಲ್ಲ ಮೂಲೆಗಳ ಮೂಲಕ ಹಾಯುವ ವೃತ್ತದ) ತ್ರಿಜ್ಯ. ನಡುಲಂಬ 8.66, ವಿಸ್ತೀರ್ಣ ಸುಮಾರು 259.8 ಚದರ ಸೆಂ.ಮೀ. ಅಚ್ಚಿಗೆ ಹೋಗುವ ಮೊದಲು ದಯವಿಟ್ಟು ತಿದ್ದಿ.